ನೆಲ ಕಳೆದುಕೊಂಡ ದೇಶದ ಸೈನಿಕರು: ಪೋಲೆಂಡಿನಿಂದ ಮಾಂಟೆ ಕ್ಯಾಸಿನೊವರೆಗೆ

ಇಟಲಿಯ ರೋಮ್ ನಗರದಿಂದ ದಕ್ಷಿಣಕ್ಕೆ ಸುಮಾರು 130 ಕಿಲೋಮೀಟರ್ ಹೋದರೆ ಮಾಂಟೆ ಕ್ಯಾಸಿನೊ ಎಂಬ ಬೆಟ್ಟ ಸಿಗುತ್ತದೆ. ಅದರ ನೆತ್ತಿಯ ಮೇಲೆ ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಕಟ್ಟಿಸಿದ ಕ್ರೈಸ್ತ ಮಠವಿದೆ. ಮಠದ ಮಗ್ಗುಲಿನ ಇಳಿಜಾರಿನಲ್ಲಿ ಪೋಲೆಂಡಿನ ಸೈನಿಕರ ರುದ್ರಭೂಮಿ ಇದೆ. ಸಾವಿರಕ್ಕೂ ಹೆಚ್ಚು ಗೋರಿಗಳು. ಬಹುಪಾಲು ಗೋರಿಗಳ ಮೇಲೆ ಕ್ಯಾಥೊಲಿಕರ ಶಿಲುಬೆ, ಕೆಲವದರ ಮೇಲೆ ಆರ್ಥೊಡಾಕ್ಸ್ ಪಂಥದ ಶಿಲುಬೆ, ಇನ್ನು ಕೆಲವದರ ಮೇಲೆ ಯಹೂದಿಗಳ ಆರು ಮೂಲೆಯ ನಕ್ಷತ್ರ. ಅಲ್ಲಿ ಮಲಗಿರುವವರಲ್ಲಿ ಎಷ್ಟೋ ಮಂದಿಯ ಹುಟ್ಟೂರು ಇಂದು ಪೋಲೆಂಡಿನಲ್ಲಿ ಇಲ್ಲ. ಕೆಲವು ಊರುಗಳು ಉಕ್ರೇನಿನಲ್ಲಿವೆ, ಕೆಲವು ಬೆಲಾರುಸ್‌ನಲ್ಲಿ, ಕೆಲವು ಲಿಥುವೇನಿಯಾದಲ್ಲಿ.

ಆ ಊರುಗಳಿಂದ ಇಟಲಿಗೆ ನೇರವಾಗಿ ಬಂದರೆ ದಾರಿ ದೊಡ್ಡದೇನಲ್ಲ. ಈ ಹುಡುಗರು ಬಂದದ್ದು ಸೈಬೀರಿಯಾ, ಕಝಾಕಿಸ್ತಾನ, ಉಜ್ಬೇಕಿಸ್ತಾನ, ಇರಾನ್, ಇರಾಕ್, ಪ್ಯಾಲೆಸ್ತೀನ್, ಈಜಿಪ್ಟ್ ಸುತ್ತಿಕೊಂಡು. ಅದಕ್ಕೆ ಹಿಡಿದದ್ದು ನಾಲ್ಕು ವರ್ಷ. ಎರಡನೆಯ ಮಹಾಯುದ್ಧವೆಂದರೆ ಹಿಟ್ಲರ್ ಒಂದು ಕಡೆ, ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಇನ್ನೊಂದು ಕಡೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಪೋಲೆಂಡಿನ ಸೈನಿಕನ ಕಣ್ಣಿನಿಂದ ನೋಡಿದರೆ ಯುದ್ಧ ಅಷ್ಟು ಸರಳವಾಗಿ ಎರಡು ಪಾಲಾಗುವುದಿಲ್ಲ.

1939ರ ಆಗಸ್ಟ್ 23ರಂದು ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ದಾಳಿ ಮಾಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಅದರ ಗುಪ್ತ ಭಾಗದಲ್ಲಿ ನಡುವಿನ ದೇಶಗಳನ್ನು ಹಂಚಿಕೊಳ್ಳುವ ಲೆಕ್ಕಾಚಾರವಿತ್ತು. ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನ್ ಸೇನೆ ಪೋಲೆಂಡಿಗೆ ನುಗ್ಗಿತು. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿತು. ಅತ್ತ ದರಿ, ಇತ್ತ ಪುಲಿ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಪೋಲೆಂಡಿನ ಒಂದು ಅಂಗುಲ ನೆಲವೂ ಪೋಲೆಂಡಿನ ಸರ್ಕಾರದ ಕೈಯಲ್ಲಿ ಉಳಿದಿರಲಿಲ್ಲ.

ನೆಲವೇ ಇಲ್ಲದ ದೇಶಕ್ಕೆ ಸೈನ್ಯ ಎಲ್ಲಿಂದ ಬರಬೇಕು? ಇದಕ್ಕೆ ಉತ್ತರ ಆ ದೇಶದ ಸಂವಿಧಾನದಲ್ಲಿತ್ತು. ಯುದ್ಧಕಾಲದಲ್ಲಿ ರಾಷ್ಟ್ರಪತಿ ತನ್ನ ಉತ್ತರಾಧಿಕಾರಿಯನ್ನು ತಾನೇ ಹೆಸರಿಸಬಹುದು ಎಂದು 1935ರ ಸಂವಿಧಾನ ಹೇಳಿತ್ತು. ರೊಮೇನಿಯಾಕ್ಕೆ ದಾಟಿ ಅಲ್ಲಿ ನಿರ್ಬಂಧದಲ್ಲಿದ್ದ ರಾಷ್ಟ್ರಪತಿ ಮೊಶ್ಚಿತ್ಸ್ಕಿ ಆ ಅಧಿಕಾರ ಬಳಸಿ ಪ್ಯಾರಿಸ್‌ನಲ್ಲಿದ್ದ ರಾಚ್ಕೆವಿಚ್ ಅವರಿಗೆ ಪಟ್ಟ ವಹಿಸಿದರು. ರಾಚ್ಕೆವಿಚ್ ಅವರು ಜನರಲ್ ವ್ಲಾದಿಸ್ವಾಫ್ ಸಿಕೋರ್ಸ್ಕಿ ಅವರನ್ನು ಪ್ರಧಾನಿಯನ್ನಾಗಿ ಮಾಡಿದರು. ಹೀಗೆ ಸರ್ಕಾರದ ಎಳೆ ಎಲ್ಲಿಯೂ ಕಡಿಯಲಿಲ್ಲ. ಪೋಲೆಂಡ್ ಶರಣಾಗತಿ ಪತ್ರಕ್ಕೆ ಸಹಿ ಹಾಕಲೇ ಇಲ್ಲ. ಆದ್ದರಿಂದ ಬ್ರಿಟನ್, ಫ್ರಾನ್ಸ್‌ಗಳ ಪಾಲಿಗೆ ಅದು ನೆಲ ಕಳೆದುಕೊಂಡಿದ್ದರೂ ಜೀವಂತವಿದ್ದ ಮಿತ್ರರಾಷ್ಟ್ರ.

ಸೈನಿಕರು ಸರ್ಕಾರದ ಹಿಂದೆ ಹೊರಟರು. ರೊಮೇನಿಯಾ, ಹಂಗೇರಿಗಳ ನಿರ್ಬಂಧ ಶಿಬಿರಗಳಿಂದ ತಪ್ಪಿಸಿಕೊಂಡು, ಸಾಮಾನ್ಯರ ಬಟ್ಟೆ ತೊಟ್ಟು, ಸುಳ್ಳು ಕಾಗದಪತ್ರ ಹಿಡಿದು ಫ್ರಾನ್ಸ್ ಸೇರಿದರು. ಅಲ್ಲಿ ಮೊದಲೇ ನೆಲೆಸಿದ್ದ ಪೋಲಿಷ್ ಗಣಿ ಕಾರ್ಮಿಕರೂ ಸೇರಿ ಸುಮಾರು 80,000 ಜನರ ಸೇನೆ ಕಟ್ಟಿತು. 1940ರ ಜೂನ್‌ನಲ್ಲಿ ಫ್ರಾನ್ಸ್ ಬಿದ್ದಾಗ ಅವರಲ್ಲಿ ಸುಮಾರು ಕಾಲುಭಾಗ ಮಾತ್ರ ಸಮುದ್ರ ದಾಟಿ ಬ್ರಿಟನ್ ತಲುಪಿತು. ಅದೇ ಆಗಸ್ಟ್‌ನಲ್ಲಿ ಬ್ರಿಟನ್ನಿನೊಂದಿಗೆ ಆದ ಸೇನಾ ಒಪ್ಪಂದದಂತೆ ಈ ಪಡೆಗಳು ಸ್ವತಂತ್ರ ಪೋಲೆಂಡಿನ ಪಡೆಗಳಾಗಿಯೇ ಉಳಿದವು. ರಣರಂಗದ ಕಾರ್ಯಾಚರಣೆ ಬ್ರಿಟಿಷ್ ನಾಯಕತ್ವದಡಿ ನಡೆದರೂ ಧ್ವಜ, ಪ್ರತಿಜ್ಞೆ, ಅಧಿಕಾರಿಗಳು ಎಲ್ಲವೂ ಪೋಲೆಂಡಿನವು. ಇದೇ ಯುದ್ಧದಲ್ಲಿ ನಮ್ಮ ಲಕ್ಷಾಂತರ ಸೈನಿಕರು ಬ್ರಿಟಿಷ್ ದೊರೆಗೆ ಪ್ರತಿಜ್ಞೆ ಮಾಡಿ ಹೋರಾಡಿದರು ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ನಮಗೆ ನೆಲವಿತ್ತು, ನಮ್ಮದೆನ್ನುವ ಧ್ವಜವಿರಲಿಲ್ಲ. ಅವರಿಗೆ ಧ್ವಜವಿತ್ತು, ನೆಲವಿರಲಿಲ್ಲ.

ಬ್ರಿಟನ್ನಿಗೆ ಬಂದವರಲ್ಲಿ ಮೊದಲು ಹೆಸರು ಮಾಡಿದವರು ವಿಮಾನ ಚಾಲಕರು. 1940ರ ಬೇಸಿಗೆಯಲ್ಲಿ ಜರ್ಮನ್ ವಿಮಾನಗಳು ಬ್ರಿಟನ್ನಿನ ಮೇಲೆ ಎರಗಿದಾಗ 145 ಪೋಲಿಷ್ ಚಾಲಕರು ಆ ಕದನದಲ್ಲಿದ್ದರು. ಮೊದಮೊದಲು ಬ್ರಿಟಿಷ್ ಅಧಿಕಾರಿಗಳಿಗೆ ಇವರ ಮೇಲೆ ಭರವಸೆ ಇರಲಿಲ್ಲ. ಭಾಷೆ ಬಾರದು, ರೇಡಿಯೊ ಆಜ್ಞೆ ಅರ್ಥವಾಗದು. ವಿಮಾನದ ವೇಗ ಹೆಚ್ಚಿಸಲು ಇವರು ಕೈಹಿಡಿಯನ್ನು ತಮ್ಮ ಕಡೆಗೆ ಎಳೆದು ರೂಢಿ. ಬ್ರಿಟಿಷ್ ವಿಮಾನದಲ್ಲಿ ಅದನ್ನು ಮುಂದಕ್ಕೆ ತಳ್ಳಬೇಕಿತ್ತು. ಆಗಸ್ಟ್ 30ರಂದು ಪೋಲಿಷ್ ಚಾಲಕರ ಯುದ್ಧವಿಮಾನ ದಳವಾದ 303ನೇ ಸ್ಕ್ವಾಡ್ರನ್ ಇನ್ನೂ ಅಭ್ಯಾಸದ ಹಾರಾಟದಲ್ಲಿತ್ತು. ಲುದ್ವಿಕ್ ಪಾಶ್ಕೆವಿಚ್ ಎಂಬ ಚಾಲಕನಿಗೆ ದೂರದಲ್ಲಿ ಜರ್ಮನ್ ವಿಮಾನಗಳು ಕಂಡವು. ನಾಯಕನಿಗೆ ತಿಳಿಸಿದ, ಉತ್ತರ ಬರಲಿಲ್ಲ. ಸಾಲು ಬಿಟ್ಟು ಹಾರಿ ಒಂದನ್ನು ಹೊಡೆದುರುಳಿಸಿದ. ಶಿಸ್ತು ಮುರಿದದ್ದಕ್ಕೆ ಬೈಗುಳವೂ ಸಿಕ್ಕಿತು, ಅಭಿನಂದನೆಯೂ ಸಿಕ್ಕಿತು. ಮಾರನೆಯ ದಿನವೇ ಸ್ಕ್ವಾಡ್ರನ್ ಯುದ್ಧಕ್ಕೆ ಇಳಿಯಿತು. ಇನ್ನೊಂದು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 27ರಂದು, ಪಾಶ್ಕೆವಿಚ್ ಆಕಾಶದಲ್ಲೇ ಸತ್ತ. ಆ ಕದನದಲ್ಲಿ ಅತಿ ಹೆಚ್ಚು ಶತ್ರು ವಿಮಾನಗಳನ್ನು ಉರುಳಿಸಿದ ಸ್ಕ್ವಾಡ್ರನ್‌ಗಳ ಸಾಲಿನಲ್ಲಿ 303ಕ್ಕೆ ಇಂದಿಗೂ ಸ್ಥಾನವಿದೆ.

ಇದಕ್ಕಿಂತ ಮೊದಲೇ ಪೋಲೆಂಡ್ ಕೊಟ್ಟ ಇನ್ನೊಂದು ಕೊಡುಗೆಯನ್ನು ಹೇಳದೆ ಮುಂದೆ ಹೋಗಲಾರೆ. ಜರ್ಮನಿಯ ಎನಿಗ್ಮಾ ಗೂಢಲಿಪಿ ಯಂತ್ರದ ಒಳರಚನೆಯನ್ನು 1932ರ ಡಿಸೆಂಬರ್‌ನಲ್ಲೇ ಗಣಿತದ ಬಲದಿಂದ ಕಂಡುಹಿಡಿದವರು ಮರಿಯನ್ ರೆಯೆಫ್ಸ್ಕಿ. ಅವರೂ ಅವರ ಇಬ್ಬರು ಸಹೋದ್ಯೋಗಿಗಳೂ ವರ್ಷಗಟ್ಟಲೆ ಸಾಧಿಸಿದ್ದೆಲ್ಲವನ್ನೂ 1939ರ ಜುಲೈ ಕೊನೆಯಲ್ಲಿ ವಾರ್ಸಾ ಹತ್ತಿರದ ಕಾಡಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಪರಿಣತರ ಕೈಗೆ ಒಪ್ಪಿಸಲಾಯಿತು. ಯುದ್ಧಕ್ಕೆ ಆಗ ಐದು ವಾರ ಬಾಕಿ ಇತ್ತು.

ಇನ್ನು ಪೂರ್ವದ ಕಡೆಗೆ ಹೋಗೋಣ. ಮಾಂಟೆ ಕ್ಯಾಸಿನೊದ ಗೋರಿಗಳ ಕಥೆ ಶುರುವಾಗುವುದು ಅಲ್ಲಿ.

ಸೋವಿಯತ್ ಆಳ್ವಿಕೆಗೆ ಸಿಕ್ಕ ಪೂರ್ವ ಪೋಲೆಂಡಿನಿಂದ 1940 ಮತ್ತು 1941ರಲ್ಲಿ ನಾಲ್ಕು ಸಲ ಜನರನ್ನು ಸಾಮೂಹಿಕವಾಗಿ ಗಡೀಪಾರು ಮಾಡಲಾಯಿತು. ಮೊದಲನೆಯದು ಫೆಬ್ರವರಿಯ ಕೊರೆಯುವ ಚಳಿಯಲ್ಲಿ. ರಾತ್ರಿ ಬಾಗಿಲು ಬಡಿದು, ಗಂಟುಮೂಟೆ ಕಟ್ಟಲು ಸ್ವಲ್ಪವೇ ಸಮಯ ಕೊಟ್ಟು, ಕುಟುಂಬಗಳನ್ನೇ ದನದ ರೈಲುಡಬ್ಬಿಗಳಿಗೆ ತುಂಬಿದರು. ಕೆಲವರು ಸೈಬೀರಿಯಾದ ಕಾಡುಗಳಲ್ಲಿ ಮರ ಕಡಿದರು, ಕೆಲವರು ಕಝಾಕಿಸ್ತಾನದ ಬಯಲಿನಲ್ಲಿ ಇಟ್ಟಿಗೆ ತಟ್ಟಿದರು. ಸೆರೆಸಿಕ್ಕ ಅಧಿಕಾರಿಗಳ ಗತಿ ಬೇರೆಯೇ ಆಯಿತು. 1940ರ ಮಾರ್ಚ್ 5ರ ಸೋವಿಯತ್ ನಾಯಕತ್ವದ ತೀರ್ಮಾನದಂತೆ ಸುಮಾರು 22,000 ಪೋಲಿಷ್ ಬಂಧಿಗಳನ್ನು ಕೊಲ್ಲಲಾಯಿತು. ಅವರಲ್ಲಿ ಸೇನಾಧಿಕಾರಿಗಳ ಜೊತೆಗೆ ಪೊಲೀಸರೂ ಇದ್ದರು, ಮೀಸಲು ಪಡೆಯ ವೈದ್ಯರು, ವಕೀಲರು, ಶಿಕ್ಷಕರೂ ಇದ್ದರು. ಕಾತಿನ್ ಕಾಡು ಆ ಕೊಲೆಗಳ ಹೆಸರಾಗಿ ಉಳಿಯಿತು. ಆಗ ಹೊರಗಿನವರಿಗೆ ಇದರ ಸುಳಿವೂ ಇರಲಿಲ್ಲ.

1941ರ ಜೂನ್ 22ರಂದು ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆಯೇ ತಿರುಗಿ ಬಿದ್ದ. ಒಂದೇ ದಿನದಲ್ಲಿ ಸ್ಟಾಲಿನ್ ಬ್ರಿಟನ್ನಿನ ಮಿತ್ರನಾದ. ಬ್ರಿಟನ್ನಿನ ಒತ್ತಾಸೆಯಿಂದ ಜುಲೈ 30ರಂದು ಸಿಕೋರ್ಸ್ಕಿ ಸೋವಿಯತ್ ರಾಯಭಾರಿಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು. ಸೋವಿಯತ್ ನೆಲದಲ್ಲಿರುವ ಪೋಲಿಷ್ ಬಂಧಿಗಳನ್ನು ಬಿಡುಗಡೆ ಮಾಡಬೇಕು, ಅವರಿಂದ ಒಂದು ಸೇನೆ ಕಟ್ಟಬೇಕು. ಆ ಬಿಡುಗಡೆಗೆ ಸೋವಿಯತ್ ಸರ್ಕಾರ ಇಟ್ಟ ಹೆಸರು ‘ಕ್ಷಮಾದಾನ’. ಯಾವ ತಪ್ಪಿಗೆ ಕ್ಷಮೆ ಎಂದು ಬಿಡುಗಡೆಯಾದವರು ಬದುಕಿಡೀ ಕೇಳಿದರು. ಅವರ ನೋವು ನ್ಯಾಯವಾದದ್ದು.

ಸೇನಾಪತಿಯಾಗಲು ಆರಿಸಿದ ಜನರಲ್ ವ್ಲಾದಿಸ್ವಾಫ್ ಆಂಡರ್ಸ್ ಆಗ ಮಾಸ್ಕೋದ ಲುಬ್ಯಾಂಕಾ ಸೆರೆಮನೆಯಲ್ಲಿದ್ದರು. ವಿಚಾರಣೆಗೆ ಎಳೆದೊಯ್ಯುತ್ತಿದ್ದ ಕೊಠಡಿಗಳಿಂದಲೇ ಅವರು ಸೇನಾಪತಿಯಾಗಿ ಹೊರಬಂದರು. ಸುದ್ದಿ ಬಾಯಿಂದ ಬಾಯಿಗೆ ಹರಡಿ, ಕಾರ್ಮಿಕ ಶಿಬಿರಗಳಿಂದ ಜನ ರೈಲಿನಲ್ಲಿ, ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ರಷ್ಯಾದ ಬುಜುಲುಕ್, ತೊತ್ಸ್ಕೊಯೆ ಎಂಬ ಊರುಗಳ ಕಡೆಗೆ ಹರಿದು ಬಂದರು. ಅಲ್ಲಿನ ಮೊದಲ ಕವಾಯತನ್ನು ಆಂಡರ್ಸ್ ಎಂದೂ ಮರೆಯಲಿಲ್ಲ. ಸಾಲಾಗಿ ನಿಂತವರಲ್ಲಿ ಬಹುಪಾಲು ಮಂದಿಗೆ ಕಾಲಲ್ಲಿ ಬೂಟಿಲ್ಲ, ಮೈಮೇಲೆ ಅಂಗಿಯಿಲ್ಲ. ಹಳೆಯ ಸಮವಸ್ತ್ರದ ಚಿಂದಿ ಸುತ್ತಿಕೊಂಡ, ಹಸಿವಿಗೆ ಬಾಡಿದ, ಹುಣ್ಣು ತುಂಬಿದ ದೇಹಗಳು. ಆದರೂ ಎಲ್ಲರೂ ಗಡ್ಡ ಹೆರೆದುಕೊಂಡು, ಸೈನಿಕರಂತೆ ನೆಟ್ಟಗೆ ನಿಂತಿದ್ದರು.

ಬಂದವರಲ್ಲಿ ಅಧಿಕಾರಿಗಳೇ ಕಡಿಮೆ. ಸಾವಿರಾರು ಅಧಿಕಾರಿಗಳು ಎಲ್ಲಿ ಹೋದರು? ಪೋಲಿಷರು ನೆನಪಿನಿಂದಲೇ ಹೆಸರಿನ ಪಟ್ಟಿ ಮಾಡಿ ಕ್ರೆಮ್ಲಿನ್‌ಗೆ ಒಯ್ದರು. 1941ರ ಡಿಸೆಂಬರ್‌ನಲ್ಲಿ ಸಿಕೋರ್ಸ್ಕಿ ಮತ್ತು ಆಂಡರ್ಸ್ ಎದುರೆದುರೇ ಕೇಳಿದಾಗ, ಅವರು ಮಂಚೂರಿಯಾಕ್ಕೆ ಓಡಿಹೋಗಿರಬಹುದು ಎಂದು ಸ್ಟಾಲಿನ್ ಹೇಳಿದ.

1942ರ ಆರಂಭದಲ್ಲಿ ಸೇನೆಯನ್ನು ಉಜ್ಬೇಕಿಸ್ತಾನದ ಕಡೆಗೆ ಸಾಗಿಸಲಾಯಿತು. ಚಳಿ ಕಡಿಮೆಯಾಯಿತು, ಟೈಫಸ್ ಜ್ವರ ಹೆಚ್ಚಾಯಿತು. ಸಾವಿರಾರು ಜನ ಯುದ್ಧ ಕಾಣದೆಯೇ ಸತ್ತರು. ಮಾರ್ಚ್‌ನಲ್ಲಿ ಸ್ಟಾಲಿನ್ ಪಡಿತರವನ್ನು 44,000 ಜನರಿಗೆ ಮಾತ್ರ ಎಂದು ಇಳಿಸಿದ. ಶಿಬಿರಗಳಲ್ಲಿದ್ದ ಸೈನಿಕರ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು. ಅವರ ಬೆನ್ನಿಗೆ ಹೆಂಗಸರು, ಅನಾಥ ಮಕ್ಕಳು. ಸೈನಿಕರು ತಮ್ಮ ಪಾಲಿನ ತುತ್ತನ್ನೇ ಅವರಿಗೆ ಹಂಚಿದರು. ಕೊನೆಗೆ ಸೇನೆಯನ್ನು ಸೋವಿಯತ್ ನೆಲದಿಂದ ಹೊರಗೆ ಕರೆದೊಯ್ಯಲು ಒಪ್ಪಿಗೆ ಸಿಕ್ಕಿತು. 1942ರ ವಸಂತದಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ, ಕಿಕ್ಕಿರಿದ ಹಡಗುಗಳು ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರಿಗೆ ಬಂದವು. ಒಟ್ಟು ಸುಮಾರು 1,15,000 ಜನ. ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಸೈನಿಕರಲ್ಲದ ಹೆಂಗಸರು, ಮಕ್ಕಳು, ಮುದುಕರು. ದಂಡೆಯ ಮರಳಿನ ಮೇಲೆ ಅವರ ತಲೆ ಬೋಳಿಸಿ, ಹೇನು ತುಂಬಿದ ಬಟ್ಟೆಗಳನ್ನು ರಾಶಿ ಹಾಕಿ ಸುಟ್ಟರು. ಎರಡು ವರ್ಷ ಬರಿದಾಗಿದ್ದ ಹೊಟ್ಟೆಗೆ ಒಮ್ಮೆಲೇ ಕೊಬ್ಬಿನ ಊಟ ಬಿದ್ದು ಅಲ್ಲೇ ಸತ್ತವರಿದ್ದಾರೆ.

ಕಥೆ ನಮ್ಮ ಕಡೆಗೆ ತಿರುಗುವುದು ಇಲ್ಲಿಂದ. ಸೈನಿಕರು ಇರಾಕಿನ ಕಡೆಗೆ ಹೊರಟರು. ಅವರ ಹೆಂಡಿರು ಮಕ್ಕಳನ್ನು, ಅನಾಥರನ್ನು ಎಲ್ಲಿ ಇಡುವುದು? ಗುಜರಾತಿನ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ನೂರಾರು ಮಕ್ಕಳಿಗೆ ಆಶ್ರಯ ಕೊಟ್ಟರು. ಅದಕ್ಕಿಂತ ದೊಡ್ಡ ಶಿಬಿರ ನಮ್ಮ ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಇತ್ತು. ಸುಮಾರು 5,000 ಪೋಲಿಷರು ಅಲ್ಲಿದ್ದರು. ಅವರಿಗೆ ಶಾಲೆಗಳಿದ್ದವು, ಚರ್ಚ್ ಇತ್ತು, ಸ್ಕೌಟ್ ದಳಗಳಿದ್ದವು. ಇಟಲಿಯ ಬೆಟ್ಟದಲ್ಲಿ ಗುಂಡಿಗೆ ಎದೆಯೊಡ್ಡಿದವರ ಮನೆಯವರು ಪತ್ರಕ್ಕಾಗಿ ಕಾಯುತ್ತಿದ್ದದ್ದು ಬೆಳಗಾವಿಯಿಂದ ಕೆಲವೇ ಗಂಟೆಗಳ ದಾರಿಯಲ್ಲಿ. ಇದು ನಮ್ಮ ಕಡೆಯವರಿಗೇ ಹೆಚ್ಚು ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಇರಾಕ್, ಪ್ಯಾಲೆಸ್ತೀನ್‌ಗಳ ಬಿಸಿಲಿನಲ್ಲಿ ಈ ಅಸ್ಥಿಪಂಜರಗಳು ಮತ್ತೆ ಸೈನಿಕರಾದರು. ತರಬೇತಿ, ಹೊಸ ಆಯುಧ, ಹೊಟ್ಟೆ ತುಂಬ ಊಟ. ಇರಾನಿನ ದಾರಿಯಲ್ಲಿ ಕೊಂಡುಕೊಂಡ ಒಂದು ಕರಡಿ ಮರಿಯೂ ಜೊತೆಗಿತ್ತು. ಹಾಲಿನ ಬಾಟಲಿಯಿಂದ ಸಾಕಿದ ಆ ಮರಿಗೆ ವೊಯ್ಟೆಕ್ ಎಂದು ಹೆಸರಿಟ್ಟರು. ಇಟಲಿಗೆ ಹೋಗುವ ಹಡಗಿನಲ್ಲಿ ಪ್ರಾಣಿಗಳಿಗೆ ಪ್ರವೇಶವಿಲ್ಲವೆಂದಾಗ ಅದನ್ನು 22ನೇ ಮದ್ದುಗುಂಡು ಸರಬರಾಜು ಕಂಪನಿಯ ಸೈನಿಕನೆಂದೇ ದಾಖಲು ಮಾಡಿಕೊಂಡರು. ಮನೆ, ಮಕ್ಕಳು, ಊರು ಎಲ್ಲವನ್ನೂ ಕಳೆದುಕೊಂಡ ಗಂಡಸರು ಒಂದು ಮರಿಗೆ ಅಷ್ಟು ಅಂಟಿಕೊಂಡದ್ದೇಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇತ್ತ ರಾಜಕೀಯ ಕೆಡುತ್ತಿತ್ತು. 1943ರ ಏಪ್ರಿಲ್‌ನಲ್ಲಿ ಜರ್ಮನರು ಕಾತಿನ್ ಕಾಡಿನ ಸಾಮೂಹಿಕ ಗೋರಿಗಳನ್ನು ಜಗತ್ತಿಗೆ ತೋರಿಸಿದರು. ಪೋಲಿಷ್ ಸರ್ಕಾರ ಅಂತರರಾಷ್ಟ್ರೀಯ ರೆಡ್ ಕ್ರಾಸ್ ತನಿಖೆ ಕೇಳಿತು. ಅದನ್ನೇ ನೆಪ ಮಾಡಿಕೊಂಡು ಸ್ಟಾಲಿನ್ ಸಂಬಂಧ ಕಡಿದುಕೊಂಡ. ಜುಲೈ 4ರಂದು ಸಿಕೋರ್ಸ್ಕಿ ಜಿಬ್ರಾಲ್ಟರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ವರ್ಷದ ಕೊನೆಗೆ ತೆಹ್ರಾನಿನಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಮೂವರೂ ಸೇರಿದಾಗ ಪೂರ್ವ ಪೋಲೆಂಡನ್ನು ಸ್ಟಾಲಿನ್‌ಗೆ ಬಿಟ್ಟುಕೊಡುವ ಮಾತು ಗುಟ್ಟಾಗಿ ನಡೆಯಿತು. 1944ರ ಫೆಬ್ರವರಿ 22ರಂದು ಚರ್ಚಿಲ್ ಸಂಸತ್ತಿನಲ್ಲಿ ಬಹಿರಂಗವಾಗಿಯೇ ಸೋವಿಯತ್ ಗಡಿಯ ಬೇಡಿಕೆಯನ್ನು ಬೆಂಬಲಿಸಿದರು. ಆಂಡರ್ಸ್ ಸೈನಿಕರಲ್ಲಿ ಬಹುಪಾಲು ಮಂದಿಯ ಮನೆಗಳಿದ್ದದ್ದು ಅದೇ ಪೂರ್ವದಲ್ಲಿ. ಅವರ ಒಂದು ಡಿವಿಷನ್ನಿನ ಹೆಸರೇ ‘ಕ್ರೆಸೋವಾ’, ಅಂದರೆ ಪೂರ್ವದ ಗಡಿಸೀಮೆಯದು.

ಅದಾದ ಒಂದು ತಿಂಗಳಿಗೆ, ಮಾರ್ಚ್ 24ರಂದು, ಬ್ರಿಟಿಷ್ ಎಂಟನೇ ಸೇನೆಯ ಮುಖ್ಯಸ್ಥ ಜನರಲ್ ಲೀಸ್ ಆಂಡರ್ಸ್ ಬಳಿ ಬಂದು, ಮಾಂಟೆ ಕ್ಯಾಸಿನೊವನ್ನು ನಿಮ್ಮ ಪಡೆ ಹಿಡಿಯಬಲ್ಲದೇ ಎಂದು ಕೇಳಿದರು. ರೋಮ್‌ಗೆ ಹೋಗುವ ಹೆದ್ದಾರಿ ಆ ಬೆಟ್ಟದ ಬುಡದ ಕಣಿವೆಯಲ್ಲಿತ್ತು. ಮೇಲೆ ಕುಳಿತ ಜರ್ಮನ್ ಪ್ಯಾರಾಟ್ರೂಪರುಗಳಿಗೆ ಕೆಳಗೆ ಚಲಿಸುವ ಪ್ರತಿಯೊಂದು ವಾಹನವೂ ಕಾಣುತ್ತಿತ್ತು. ಜನವರಿಯಲ್ಲಿ ಅಮೆರಿಕನ್ನರು ಏರಲು ನೋಡಿ ಸೋತಿದ್ದರು. ಫೆಬ್ರವರಿ, ಮಾರ್ಚ್‌ಗಳಲ್ಲಿ ನ್ಯೂಜಿಲೆಂಡಿನವರು ಮತ್ತು ನಮ್ಮ 4ನೇ ಭಾರತೀಯ ಡಿವಿಷನ್ ರಕ್ತ ಸುರಿಸಿದ್ದವು. ಫೆಬ್ರವರಿ 15ರಂದು ಮಠವನ್ನೇ ಬಾಂಬ್ ಹಾಕಿ ಕೆಡವಲಾಗಿತ್ತು. ಅವಶೇಷಗಳು ಜರ್ಮನರಿಗೆ ಇನ್ನೂ ಒಳ್ಳೆಯ ಮರೆಯಾದವು. ಆಂಡರ್ಸ್ ಕೆಲವೇ ನಿಮಿಷ ಯೋಚಿಸಿ ಒಪ್ಪಿದರು. ಪೋಲೆಂಡಿನವರು ಯುದ್ಧ ಮಾಡಲೊಲ್ಲರು ಎಂದು ಸ್ಟಾಲಿನ್ ಹಬ್ಬಿಸಿದ ಅಪವಾದಕ್ಕೆ ಜಗತ್ತೇ ನೋಡುವ ಉತ್ತರ ಕೊಡಬೇಕೆಂಬ ಲೆಕ್ಕ ಅವರದು.

ಬಂಡೆಗಲ್ಲಿನ ಬೆಟ್ಟ. ಕಂದಕ ತೋಡಲಾಗದೆ ಕಲ್ಲು ಪೇರಿಸಿ ಗೂಡು ಮಾಡಿಕೊಂಡು ಹಗಲೆಲ್ಲ ಅಲುಗಾಡದೆ ಮಲಗಬೇಕು. ನೀರು, ಮದ್ದುಗುಂಡು, ರೊಟ್ಟಿ ಎಲ್ಲ ಕತ್ತಲಲ್ಲಿ ಹೇಸರಗತ್ತೆಗಳ ಬೆನ್ನ ಮೇಲೆ, ಕೊನೆಯ ದೂರ ಮನುಷ್ಯರ ಬೆನ್ನ ಮೇಲೆ ಬರಬೇಕು. ಹಿಂದಿನ ಕದನಗಳಲ್ಲಿ ಸತ್ತವರ ದೇಹಗಳು ಸುತ್ತಲೂ ಹಾಗೇ ಬಿದ್ದಿದ್ದವು. ಮೇ 11ರ ರಾತ್ರಿ 11 ಗಂಟೆಗೆ ಇಡೀ ಮುಂಚೂಣಿಯ ಸುಮಾರು 1,600 ಫಿರಂಗಿಗಳು ಒಟ್ಟಿಗೆ ಗರ್ಜಿಸಿದವು. ನಡುರಾತ್ರಿ ಕಳೆದು ಪೋಲಿಷರು ಮೇಲೇರಿದರು. ಅದೇ ರಾತ್ರಿ ಕೆಳಗಿನ ಕಣಿವೆಯಲ್ಲಿ 8ನೇ ಭಾರತೀಯ ಡಿವಿಷನ್ ನದಿ ದಾಟುತ್ತಿತ್ತು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಬೆಟಾಲಿಯನ್ ಆ ಡಿವಿಷನ್ನಿನಲ್ಲಿತ್ತು.

ಪೋಲಿಷರ ಮೊದಲ ದಾಳಿ ಭಾರಿ ಸಾವುನೋವಿನೊಂದಿಗೆ ಮುರಿದುಬಿತ್ತು. ಮೇ 17ರಂದು ಮತ್ತೆ ಏರಿದರು. ಅಡುಗೆಯವರು, ಚಾಲಕರ ಕೈಗೂ ಬಂದೂಕು ಬಂತು. ಅಷ್ಟರಲ್ಲಿ ದಕ್ಷಿಣದ ಬೆಟ್ಟಗಳಲ್ಲಿ ಫ್ರೆಂಚ್ ಪಡೆ ಜರ್ಮನ್ ಸಾಲನ್ನು ಭೇದಿಸಿತ್ತು, ಕಣಿವೆಯಲ್ಲಿ ಬ್ರಿಟಿಷರು, ಭಾರತೀಯರು ಮುನ್ನುಗ್ಗಿದ್ದರು. ಸುತ್ತುವರಿಯುವ ಭಯಕ್ಕೆ ಜರ್ಮನರು ರಾತ್ರಿ ಹಿಂದೆ ಸರಿದರು. ಗೆಲುವು ಪೋಲಿಷರೊಬ್ಬರದೇ ಅಲ್ಲ, ಆದರೆ ಬೆಟ್ಟದ ಮೇಲಿನ ಬೆಲೆ ಅವರು ತೆತ್ತರು: 923 ಸಾವು, ಸುಮಾರು 3,000 ಗಾಯಾಳುಗಳು, 345 ಮಂದಿ ಕಾಣೆ. ಮೇ 18ರ ಬೆಳಿಗ್ಗೆ ಪೊದೋಲಿಯಾ ಲ್ಯಾನ್ಸರ್ಸ್ ರೆಜಿಮೆಂಟಿನ ಗಸ್ತು ತುಕಡಿ ಹಾಳು ಮಠವನ್ನು ಹೊಕ್ಕು ತನ್ನ ಪತಾಕೆ ಏರಿಸಿತು. ಮಧ್ಯಾಹ್ನದ ಹೊತ್ತಿಗೆ ಎಮಿಲ್ ಚೆಖ್ ಎಂಬ ಸೈನಿಕ ಅವಶೇಷಗಳ ನಡುವೆ ನಿಂತು ಕಹಳೆ ಊದಿದ. ಅದು ಕ್ರಾಕೋವ್ ನಗರದ ಚರ್ಚಿನ ಗೋಪುರದಿಂದ ಪ್ರತಿ ಗಂಟೆಗೂ ಕೇಳಿಬರುವ ರಾಗ. ಹಿಂದೊಮ್ಮೆ ಕಾವಲುಗಾರನ ಗಂಟಲಿಗೆ ತಾತಾರರ ಬಾಣ ನಾಟಿತೆಂಬ ಐತಿಹ್ಯದಿಂದ ಆ ರಾಗವನ್ನು ಇಂದಿಗೂ ನಡುವೆಯೇ ಥಟ್ಟನೆ ನಿಲ್ಲಿಸುತ್ತಾರೆ.

ಸತ್ತವರ ಜಾಗಕ್ಕೆ ಹೊಸಬರು ಎಲ್ಲಿಂದ ಬರಬೇಕು? ಪೋಲೆಂಡಿನಿಂದ ಬರುವಂತಿಲ್ಲ. ಜರ್ಮನ್ ಸೇನೆಗೆ ಬಲವಂತವಾಗಿ ಸೇರಿಸಲಾಗಿದ್ದ ಪೋಲಿಷರು ಮಿತ್ರಪಡೆಗಳಿಗೆ ಸೆರೆಸಿಕ್ಕು, ಸಮವಸ್ತ್ರ ಬದಲಿಸಿ ಆಂಡರ್ಸ್ ಪಡೆ ಸೇರಿದರು. ಅದರ ಸಂಖ್ಯೆ ಯುದ್ಧದ ಕೊನೆಗೆ ಕಡಿಮೆಯಾಗುವ ಬದಲು ಹೆಚ್ಚಾದದ್ದು ಹೀಗೆ.

ಅದೇ ವರ್ಷ ಉತ್ತರದಲ್ಲಿ ಜನರಲ್ ಮಾಚೆಕ್ ಅವರ ಟ್ಯಾಂಕ್ ಡಿವಿಷನ್ ಫ್ರಾನ್ಸಿನ ಫಲೇಸ್ ಬಳಿ ಜರ್ಮನರ ದಾರಿ ಮುಚ್ಚಿತು. ಅಕ್ಟೋಬರ್ ಕೊನೆಯಲ್ಲಿ ಅದು ಹಾಲೆಂಡಿನ ಬ್ರೆಡಾ ನಗರವನ್ನು ಬಳಸಿ ಬಂದು, ಊರನ್ನು ಹಾಳುಗೆಡವದೆ ಬಿಡಿಸಿತು. ಜನ ಅಂಗಡಿ ಕಿಟಕಿಗಳಲ್ಲಿ ಪೋಲಿಷ್ ಭಾಷೆಯಲ್ಲೇ ಧನ್ಯವಾದದ ಫಲಕ ಇಟ್ಟರು. ಆದರೆ ಆಗಸ್ಟ್ 1ರಂದು ವಾರ್ಸಾ ಜರ್ಮನರ ವಿರುದ್ಧ ದಂಗೆಯೆದ್ದಾಗ, ಅದರ ನೆರವಿಗೆಂದೇ ಕಟ್ಟಿದ್ದ ಪೋಲಿಷ್ ಪ್ಯಾರಾಚೂಟ್ ಬ್ರಿಗೇಡ್ ಅಲ್ಲಿಗೆ ಹೋಗಲಾಗಲಿಲ್ಲ. ಅದನ್ನು ಇಳಿಸಿದ್ದು ಹಾಲೆಂಡಿನ ಆರ್ನೆಮ್ ಬಳಿ. ವಾರ್ಸಾ 63 ದಿನ ಹೋರಾಡಿ ಬಿತ್ತು.

1945ರ ಫೆಬ್ರವರಿಯಲ್ಲಿ ಅದೇ ಮೂವರು ನಾಯಕರ ಯಾಲ್ಟಾ ಸಮ್ಮೇಳನ ಗಡಿಯನ್ನು ಅಧಿಕೃತಗೊಳಿಸಿತು. ಪೋಲೆಂಡಿನ ಪೂರ್ವ ಭಾಗ ಸ್ಟಾಲಿನ್‌ಗೆ, ಉಳಿದ ಭಾಗದಲ್ಲಿ ಅವನ ಕೈಕೆಳಗಿನ ಸರ್ಕಾರ. ತನ್ನ ಪಡೆಯನ್ನು ಮುಂಚೂಣಿಯಿಂದ ತೆಗೆಯಿರಿ ಎಂದು ಆಂಡರ್ಸ್ ಕೇಳಿದರು. ಆ ಜಾಗ ತುಂಬಲು ಬೇರೆ ಪಡೆ ಇರಲಿಲ್ಲ. ಪಕ್ಕದಲ್ಲಿ ಕಾದುತ್ತಿರುವವರನ್ನು ನಡುವೆ ಬಿಟ್ಟುಬರಲು ಅವರಿಗೂ ಮನಸ್ಸಾಗಲಿಲ್ಲ. ಏಪ್ರಿಲ್ 21ರಂದು ಬೊಲೋನ್ಯಾ ನಗರವನ್ನು ಮೊದಲು ಹೊಕ್ಕವರು ಅವರೇ. ಇದನ್ನು ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ. ಮನೆ ಹೋಯಿತೆಂದು ಖಚಿತವಾದ ಮೇಲೂ ಎರಡು ತಿಂಗಳು ಅವರು ಸಾಯುತ್ತಲೇ ಇದ್ದರು.

ಜುಲೈನಲ್ಲಿ ಬ್ರಿಟನ್, ಅಮೆರಿಕಗಳು ಲಂಡನ್ನಿನ ಪೋಲಿಷ್ ಸರ್ಕಾರದ ಮಾನ್ಯತೆ ಹಿಂತೆಗೆದುಕೊಂಡವು. 1946ರ ಜೂನ್ 8ರಂದು ಲಂಡನ್ನಿನಲ್ಲಿ ವಿಜಯೋತ್ಸವದ ಮೆರವಣಿಗೆ ನಡೆದಾಗ ಆಂಡರ್ಸ್, ಮಾಚೆಕ್ ಅವರ ಸೈನಿಕರು ಅದರಲ್ಲಿ ಇರಲಿಲ್ಲ. ವಿಮಾನ ಚಾಲಕರ ಒಂದು ಸಣ್ಣ ಗುಂಪಿಗೆ ಮಾತ್ರ ಕರೆ ಹೋಗಿತ್ತು. ಉಳಿದವರಿಗಿಲ್ಲದ ಗೌರವ ನಮಗೂ ಬೇಡವೆಂದು ಅವರೂ ಹೋಗಲಿಲ್ಲ. ಊರಿಗೆ ಮರಳಿದವರಿಗೆ ಹೊಸ ಆಳ್ವಿಕೆಯ ಅನುಮಾನ ಕಾದಿತ್ತು. ಬಹಳ ಮಂದಿ ಬ್ರಿಟನ್ನಿನಲ್ಲೇ ಉಳಿದರು, ಅವರಿಗಾಗಿ 1947ರಲ್ಲಿ ಪುನರ್ವಸತಿ ಕಾಯ್ದೆ ಬಂತು. ಡಿವಿಷನ್ ನಡೆಸಿದ ಮಾಚೆಕ್ ಎಡಿನ್‌ಬರೋದ ಹೋಟೆಲೊಂದರಲ್ಲಿ ಗಿರಾಕಿಗಳಿಗೆ ಮದ್ಯ ಬಡಿಸಿದರು. ಪ್ಯಾರಾಚೂಟ್ ಬ್ರಿಗೇಡಿನ ನಾಯಕ ಸೊಸಬೊವ್ಸ್ಕಿ ಲಂಡನ್ನಿನ ಕಾರ್ಖಾನೆಯಲ್ಲಿ ದುಡಿದರು. ಕರಡಿ ವೊಯ್ಟೆಕ್ ಎಡಿನ್‌ಬರೋ ಮೃಗಾಲಯದಲ್ಲಿ 1963ರಲ್ಲಿ ಸತ್ತಿತು. ಆಂಡರ್ಸ್ ಅವರ ಪೌರತ್ವವನ್ನೇ ಪೋಲೆಂಡಿನ ಹೊಸ ಸರ್ಕಾರ ಕಿತ್ತುಕೊಂಡಿತು. 1970ರ ಮೇ 12ರಂದು ಲಂಡನ್ನಿನಲ್ಲಿ ತೀರಿಕೊಂಡ ಅವರನ್ನು ಮಾಂಟೆ ಕ್ಯಾಸಿನೊದಲ್ಲಿ ತಮ್ಮ ಸೈನಿಕರ ನಡುವೆ ಮಣ್ಣು ಮಾಡಿದರು.

ಯಾರೂ ಮಾನ್ಯ ಮಾಡದ ಆ ಸರ್ಕಾರ ಮಾತ್ರ ಲಂಡನ್ನಿನ ಒಂದು ಮನೆಯಲ್ಲಿ ರಾಷ್ಟ್ರಪತಿಯಿಂದ ರಾಷ್ಟ್ರಪತಿಗೆ ದಾಟುತ್ತ ಇನ್ನೂ 45 ವರ್ಷ ನಡೆಯಿತು. ಅದರ ಕೊನೆಯ ರಾಷ್ಟ್ರಪತಿ ರಿಶಾರ್ಡ್ ಕಾಚೊರೊವ್ಸ್ಕಿ. ಹರೆಯದಲ್ಲಿ ಸೋವಿಯತ್ ಪೊಲೀಸರ ಕೈಗೆ ಸಿಕ್ಕು ಸೋವಿಯತ್ ಒಕ್ಕೂಟದ ದೂರ ಈಶಾನ್ಯದ ಕೊಲಿಮಾದ ಕಾರ್ಮಿಕ ಶಿಬಿರಕ್ಕೆ ಹೋದವರು, ಆಂಡರ್ಸ್ ಜೊತೆ ಹೊರಬಂದು ಮಾಂಟೆ ಕ್ಯಾಸಿನೊದಲ್ಲಿ ಹೋರಾಡಿದವರು. 1990ರ ಡಿಸೆಂಬರ್ 22ರಂದು ಅವರು ವಾರ್ಸಾದ ಅರಮನೆಗೆ ಬಂದರು. 1939ರಲ್ಲಿ ದೇಶದಾಚೆ ಹೋಗಿದ್ದ ರಾಷ್ಟ್ರಪತಿ ಪದವಿಯ ಲಾಂಛನಗಳನ್ನು ಜನ ಚುನಾಯಿಸಿದ ಹೊಸ ರಾಷ್ಟ್ರಪತಿ ಲೇಖ್ ವಾವೆನ್ಸಾ ಅವರ ಕೈಗೆ ಒಪ್ಪಿಸಿದರು.